ಹಳೆಯ ಮೈಕಿನ ಬೆಡಗು: ಕಣ್ಣಿಗೋ, ಕಿವಿಗೋ?

ಮಳೆಗಾಲ ಹಿಂದೆ ಸರಿದು, ಮೊಂತಿ ಹಬ್ಬದ ಹೊಸ ಅಕ್ಕಿಯ ಊಟ ಮುಗಿಯಿತೆಂದರೆ ಉಡುಪಿ, ಕಾಪು, ಕಾರ್ಕಳದ ಕಡೆಯ ಕ್ರೈಸ್ತ ಮನೆತನಗಳಲ್ಲಿ ಸಮಾರಂಭಗಳ ಋತು ಆರಂಭವಾಯಿತೆಂದೇ ಅರ್ಥ. ರೋಸು, ಮದುವೆ, ವಿವಾಹದ ಬೆಳ್ಳಿಹಬ್ಬ, ಚಿನ್ನದ ಹಬ್ಬ, ಧರ್ಮಕೇಂದ್ರದ ವಾರ್ಷಿಕ ಹಬ್ಬ, ಯುವಜನರ ಸಂಗೀತ ರಾತ್ರಿ ಹೀಗೆ ಒಂದರ ಹಿಂದೆ ಒಂದು. ಇವುಗಳಲ್ಲಿ ಹಾಡಿಲ್ಲದ ಸಮಾರಂಭವಿಲ್ಲ. ಮೈಕಿಲ್ಲದ ಹಾಡೂ ಇಂದು ಇಲ್ಲವೆನ್ನಬಹುದು.

ಈಚಿನ ವರ್ಷಗಳಲ್ಲಿ ವೇದಿಕೆಗಳ ಮೇಲೆ ಒಂದು ಹೊಸ ರೂಢಿ ಕಂಡುಬರುತ್ತಿದೆ. ಹಳೆಯ ಹಾಡುಗಳ ಸಂಜೆ ಎಂದಾದರೆ ಗಾಯಕನ ಮುಂದೆ ಹಳೆಯ ಕಾಲದ ಮೈಕೇ ನಿಲ್ಲಬೇಕು. ಬೆಳ್ಳಿಯಂತೆ ಹೊಳೆಯುವ ಲೋಹದ ಮೈ, ಎದುರಿಗೆ ಉದ್ದುದ್ದನೆಯ ಪಟ್ಟಿಗಳು, ಆ ಪಟ್ಟಿಗಳ ಹಿಂದೆ ಬಟ್ಟೆಯ ತೆರೆ. ಹಿಂದಿನ ಸಿನಿಮಾಗಳಲ್ಲಿ, ಹಳೆಯ ಗಾಯಕರ ಭಾವಚಿತ್ರಗಳಲ್ಲಿ ನಾವೆಲ್ಲ ಕಂಡ ಮೈಕು ಅದು. ಅದನ್ನು ಕಂಡೊಡನೆ ಹಿರಿಯರಿಗೆ ತಮ್ಮ ಯೌವನ ನೆನಪಾಗುತ್ತದೆ, ಕಿರಿಯರಿಗೆ ಫೋಟೊ ತೆಗೆಸಿಕೊಳ್ಳುವ ಆಸೆಯಾಗುತ್ತದೆ. ಇಂತಹ ಮೈಕನ್ನು ಕೊಳ್ಳಬೇಕೆ, ಕೊಂಡರೆ ಯಾವುದನ್ನು, ಕೊಂಡ ಮೇಲೆ ಹೇಗೆ ಬಳಸಬೇಕು ಎಂಬ ಪ್ರಶ್ನೆಯನ್ನು ಗಾಯನ ಮಂಡಳಿಯವರೂ ಮನೆಯ ಸಮಾರಂಭ ನಡೆಸುವವರೂ ಕೇಳುತ್ತಿದ್ದಾರೆ. ಹಣದ ಪ್ರಶ್ನೆ ಇದರಲ್ಲಿದೆ. ಅದಕ್ಕಿಂತ ಮಿಗಿಲಾಗಿ, ಹಾಡುವವನ ಮರ್ಯಾದೆಯ ಪ್ರಶ್ನೆಯಿದೆ.

ಒಂದು ಚಿನ್ನದ ಹಬ್ಬದಲ್ಲಿ

ಕಾಪುವಿಗೆ ಸಮೀಪದ ಒಂದು ಸಭಾಂಗಣದಲ್ಲಿ ನಡೆದ ವಿವಾಹದ ಚಿನ್ನದ ಹಬ್ಬಕ್ಕೆ ನಾವು ಹೋಗಿದ್ದೆವು. ಹಬ್ಬ ಆಚರಿಸಿಕೊಳ್ಳುತ್ತಿದ್ದ ಹಿರಿಯರು ತಮ್ಮ ಕಾಲದಲ್ಲಿ ಒಳ್ಳೆಯ ಹಾಡುಗಾರರು. ಧರ್ಮಕೇಂದ್ರದ ಗಾಯನ ಮಂಡಳಿಯಲ್ಲಿ ಹಲವು ವರ್ಷ ಹಾಡಿದವರು, ಕೊಂಕಣಿ ನಾಟಕಗಳ ನಡುವೆ ಪರದೆಯ ಮುಂದೆ ನಿಂತು ಹಾಡಿ ಜನರನ್ನು ಹಿಡಿದಿಟ್ಟವರು. ಅಜ್ಜನಿಗೆ ಅಚ್ಚರಿಯ ಉಡುಗೊರೆ ಕೊಡಬೇಕೆಂದು ಮೊಮ್ಮಗ ಹಳೆಯ ರೂಪದ ಒಂದು ಮೈಕನ್ನು ತರಿಸಿದ್ದ. ಟೋಸ್ಟ್ ಮುಗಿಯಿತು. ಅಜ್ಜ ಎದ್ದು ಬಂದು, ಐವತ್ತು ವರ್ಷಗಳ ಹಿಂದೆ ಮದುವೆಯ ದಿನ ಪತ್ನಿಗಾಗಿ ಹಾಡಿದ್ದ ಹಾಡನ್ನೇ ಎತ್ತಿಕೊಂಡರು.

ಮೊದಲ ಸಾಲಿಗೇ ಮೈಕು ಊಳಿಟ್ಟಿತು. ಮೈಕಿನವರು ಧ್ವನಿ ತಗ್ಗಿಸಿದರು. ಅಜ್ಜನ ದನಿ ಮೂರನೆಯ ಸಾಲಿನ ಕುರ್ಚಿಗಳಿಂದ ಹಿಂದಕ್ಕೆ ಕೇಳಿಸಲಿಲ್ಲ. ಹೆಚ್ಚಿಸಿದರು, ಮತ್ತೆ ಕಿವಿಗಡಚಿಕ್ಕುವ ಶಿಳ್ಳೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಹಿಂದಿನ ಮೇಜುಗಳಲ್ಲಿ ಮಾತುಕತೆ ಶುರುವಾಗಿತ್ತು. ಅಜ್ಜ ಹಾಡನ್ನು ಅರ್ಧಕ್ಕೆ ನಿಲ್ಲಿಸಿ, "ಸಾಕು ಪುತಾ, ನನ್ನ ಸ್ವರ ಹೋಯಿತು" ಎಂದು ಮೊಮ್ಮಗನಿಗೆ ಹೇಳಿ ಕುಳಿತುಬಿಟ್ಟರು. ಇನ್ನು ಮುಂದೆ ಹಾಡುವುದಿಲ್ಲವೆಂದು ಮನೆಗೆ ಹೋಗುವಾಗ ಹೇಳಿದರಂತೆ.

ಸ್ವರ ಹೋಗಿರಲಿಲ್ಲ ಎಂಬುದು ಅವರ ಎದುರಿಗೇ ಕುಳಿತಿದ್ದ ನಮಗೆ ಗೊತ್ತಿತ್ತು. ತಪ್ಪು ಎಲ್ಲಿತ್ತು ಎಂಬುದನ್ನು ತಿಳಿಯಬೇಕಾದರೆ ಈ ಮೈಕಿನ ಹುಟ್ಟಿನ ಕಥೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

1939ರ ಒಂದು ಉಪಾಯ

ಇಂದು ನಾವು 'ಹಳೆಯ ಮೈಕು' ಎನ್ನುವಾಗ ಕಣ್ಣಮುಂದೆ ನಿಲ್ಲುವ ಆಕಾರ ಅಮೆರಿಕದ ಶಿಕಾಗೊ ನಗರದ ಶೂರ್ ಸಂಸ್ಥೆಯ 'ಯೂನಿಡೈನ್ 55' ಎಂಬ ಮಾದರಿಯದು. ಇದು 1939ರಲ್ಲಿ ಹೊರಬಂದಿತು. ಅದನ್ನು ರೂಪಿಸಿದವನು ಬೆಂಜಮಿನ್ ಬಾಯರ್ ಎಂಬ ತರುಣ ಎಂಜಿನಿಯರ್. ಅದಕ್ಕೆ ಮೊದಲು, ಒಂದು ದಿಕ್ಕಿನ ಧ್ವನಿಯನ್ನು ಮಾತ್ರ ಹಿಡಿಯುವ ಮೈಕು ಬೇಕೆಂದರೆ ಬೇರೆ ಬೇರೆ ಗುಣದ ಎರಡು ಧ್ವನಿಗ್ರಾಹಕಗಳನ್ನು ಒಂದೇ ಪೆಟ್ಟಿಗೆಯೊಳಗೆ ಕೂಡಿಸಬೇಕಾಗುತ್ತಿತ್ತು. ಅಂತಹ ಮೈಕು ಗಾತ್ರದಲ್ಲಿ ದೊಡ್ಡದು, ಬೆಲೆಯಲ್ಲಿ ದುಬಾರಿ. ಬಾಯರ್ ಒಂದೇ ಗ್ರಾಹಕದಿಂದ ಆ ಕೆಲಸ ಸಾಧಿಸಿದ. ಹಿಂದಿನಿಂದ ಬರುವ ಧ್ವನಿ ಎರಡು ದಾರಿಗಳಲ್ಲಿ ತೆಳುವಾದ ಪೊರೆಯ ಎರಡೂ ಬದಿಯನ್ನು ಒಂದೇ ಕ್ಷಣದಲ್ಲಿ ತಲಪಿ ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಒಳಗಿನ ಗಾಳಿಯ ದಾರಿಗಳನ್ನು ಅಳೆದು ಜೋಡಿಸಿದ. ಎದುರಿನಿಂದ ಬರುವ ಧ್ವನಿಗೆ ಈ ಅಡ್ಡಿಯಿಲ್ಲ. ಹೀಗಾಗಿ ಹಾಡುವವನ ದನಿ ಸ್ಪಷ್ಟವಾಗಿ, ಹಿಂದಿನ ಗದ್ದಲ ಕ್ಷೀಣವಾಗಿ ಮೈಕನ್ನು ಸೇರುತ್ತದೆ.

ಆ ಕಾಲದ ಕಾರುಗಳ ಮುಂಭಾಗದ ಜಾಲರಿಯನ್ನು ನೆನಪಿಸುವ ಅದರ ಆಕಾರ ಬಹುಬೇಗ ಜನಪ್ರಿಯವಾಯಿತು. 1951ರಲ್ಲಿ ಅದರದೇ ಚಿಕ್ಕ ರೂಪವೂ ಬಂದಿತು. ಎಲ್ವಿಸ್ ಪ್ರೀಸ್ಲಿ ಮೊದಲಾದ ಗಾಯಕರ ಚಿತ್ರಗಳಿಂದಾಗಿ ಅದು ಲೋಕಕ್ಕೆಲ್ಲ ಪರಿಚಿತವಾಯಿತು. 2014ರಲ್ಲಿ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಇ.ಇ.ಇ. ಈ ಆವಿಷ್ಕಾರವನ್ನು ತನ್ನ ಮೈಲಿಗಲ್ಲುಗಳ ಪಟ್ಟಿಗೆ ಸೇರಿಸಿತು.

ನಮ್ಮ ದೇಶದಲ್ಲಿಯೂ ಮೈಕಿಗೆ ತನ್ನದೇ ಚರಿತ್ರೆಯಿದೆ. ಸ್ವಾತಂತ್ರ್ಯ ಹೋರಾಟದ ಸಭೆಗಳಲ್ಲಿ ಗಾಂಧೀಜಿ, ನೆಹರು ಮುಂತಾದವರ ಮುಂದಿರುವ ಮೈಕಿನ ಮೇಲೆ 'ಶಿಕಾಗೊ ರೇಡಿಯೊ' ಎಂಬ ಫಲಕವನ್ನು ಹಳೆಯ ಚಿತ್ರಗಳಲ್ಲಿ ಅನೇಕರು ನೋಡಿರಬಹುದು. ಹೆಸರು ಅಮೆರಿಕದ್ದಾದರೂ ಸಂಸ್ಥೆ ನಮ್ಮದೇ. ಮುಂಬಯಿಯ ಮೋಟ್ವಾನೆ ಕುಟುಂಬದ್ದು. ಮುಂದೆ ದೆಹಲಿಯ ಅಹುಜಾ ಸಂಸ್ಥೆಯ ಮೈಕು, ಆಂಪ್ಲಿಫೈಯರುಗಳು ಊರೂರಿನ ಶಾಲೆ, ದೇವಸ್ಥಾನ, ಇಗರ್ಜಿಗಳನ್ನು ತಲಪಿದವು. ಇಂದಿಗೂ ನಮ್ಮ ಧರ್ಮಕೇಂದ್ರಗಳಲ್ಲಿ ಅವು ಸಾಮಾನ್ಯ.

ಆದರೆ ವೇದಿಕೆಯ ಹಾಡುಗಾರಿಕೆ 1939ರಲ್ಲಿಯೇ ನಿಂತಿಲ್ಲ. ಶೂರ್ ಸಂಸ್ಥೆಯವರೇ 1966ರಲ್ಲಿ 'ಎಸ್‌ಎಂ 58' ಎಂಬ, ಚೆಂಡಿನಂತಹ ಜಾಲರಿಯಿರುವ, ಕೈಯಲ್ಲಿ ಹಿಡಿಯಬಹುದಾದ ಮೈಕನ್ನು ಹೊರತಂದರು. ಲೋಕದಾದ್ಯಂತ ವೇದಿಕೆಯ ಗಾಯಕರು ಅದನ್ನೇ ಒಪ್ಪಿಕೊಂಡದ್ದಕ್ಕೆ ಕಾರಣವಿದೆ: ಹಗುರ, ಗಟ್ಟಿ, ಕೈಬದಲಾದರೂ ಕೆಡದು. ಮಂಗಳೂರಿನ ಮಾಂಡ್ ಸೊಭಾಣ್ ಸಂಸ್ಥೆ 2008ರ ಜನವರಿಯಲ್ಲಿ 40 ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ್ದು ಓದುಗರಿಗೆ ನೆನಪಿರಬಹುದು. ತಂಡದ ಹಿಂದೆ ತಂಡ ಬಂದು ಹಾಡುವ ಅಂತಹ ವೇದಿಕೆಗೆ ಎಲ್ಲ ಕಂಠಗಳಿಗೂ ಸಾಧಾರಣವಾಗಿ ಹೊಂದುವ ಮೈಕೇ ಯೋಗ್ಯ. ಹಳೆಯ ರೂಪದ ಮೈಕಿನ ಗುಣ ಇದಕ್ಕೆ ವಿರುದ್ಧವಾದುದು. ಒಬ್ಬ ಗಾಯಕ, ಒಂದು ಸ್ಥಳ, ಒಂದು ಹಾಡಿನ ಬಗೆ ಎಂದು ಗೊತ್ತಿದ್ದಾಗ ಅದು ಶೋಭಿಸುತ್ತದೆ.

ರೂಪ ಒಂದೇ, ಒಳಗೆ ಮೂರು ಬಗೆ

ಹಳೆಯ ಮೈಕೆಂದು ಮಾರುಕಟ್ಟೆಯಲ್ಲಿ ದೊರೆಯುವುದರಲ್ಲಿ ಮೂರು ಬಗೆಗಳಿವೆ. ಮೂರೂ ದೂರದಿಂದ ಒಂದೇ ಸಮನಾಗಿ ಕಾಣುತ್ತವೆ.

ಮೊದಲನೆಯದು ನಿಜವಾಗಿಯೂ ಹಳೆಯದು. ಅಜ್ಜನ ಕಾಲದ ಪೆಟ್ಟಿಗೆಯಲ್ಲಿಯೋ ಹಳೆಯ ಸಾಮಾನಿನ ಅಂಗಡಿಯಲ್ಲಿಯೋ ಸಿಗುವಂತಹುದು. ಇದು ಗೌರವಕ್ಕೆ ಪಾತ್ರ. ವೇದಿಕೆಗೆ ಬಹಳ ಸಲ ಅಪಾತ್ರ. ಒಳಗಿನ ರಬ್ಬರು ಗಟ್ಟಿಯಾಗಿ, ಸ್ಪಂಜು ಪುಡಿಯಾಗಿ, ತಂತಿಗಳು ಸಡಿಲವಾಗಿರುತ್ತವೆ. ಅನೇಕ ಹಳೆಯ ಮೈಕುಗಳ ತಂತಿ ಜೋಡಿಸುವ ಬಾಯಿ ಇಂದಿನ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ತಂತಿಗೆ ಹೊಂದುವುದಿಲ್ಲ. ರೇಡಿಯೊ ನಿಲಯಗಳಲ್ಲಿ ಹಿಂದೆ ಬಳಸುತ್ತಿದ್ದ ರಿಬ್ಬನ್ ಮೈಕುಗಳಂತೂ ಇನ್ನೂ ನಾಜೂಕು. ಅವುಗಳೊಳಗೆ ಇರುವುದು ಲೋಹದ ಅತಿ ತೆಳುವಾದ ಪಟ್ಟಿ; ಬಲವಾದ ಒಂದು ಗಾಳಿ ಬೀಸಿದರೆ ಅದು ಹಿಗ್ಗಿ ಹಾಳಾದೀತು. ಇಂತಹವನ್ನು ಮನೆಯ ಶೋಕೇಸಿನಲ್ಲಿಟ್ಟು ಮಕ್ಕಳಿಗೆ ಅದರ ಕಥೆ ಹೇಳುವುದೇ ಸೂಕ್ತ.

ಎರಡನೆಯದು ಹೆಸರುವಾಸಿ ಸಂಸ್ಥೆಗಳು ಹಳೆಯ ರೂಪದೊಳಗೆ ಹೊಸ ಗ್ರಾಹಕವನ್ನಿಟ್ಟು ಈಗಲೂ ತಯಾರಿಸುತ್ತಿರುವುದು. ಶೂರ್ ಸಂಸ್ಥೆಯ '55 ಎಸ್‌ಎಚ್ ಸೀರೀಸ್ 2' ಹಾಗೂ 'ಸೂಪರ್ 55' ಇದಕ್ಕೆ ನಿದರ್ಶನ. ಮೊದಲನೆಯದು ಹೃದಯದ ಆಕಾರದಲ್ಲಿ ಧ್ವನಿ ಹಿಡಿಯುವ ಕಾರ್ಡಿಯಾಯ್ಡ್ ಬಗೆಯದು. 50ರಿಂದ 15,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಹಿಡಿಯುತ್ತದೆ. ಎರಡನೆಯದು ಇನ್ನೂ ಕಿರಿದಾದ ಕೋನದ ಸೂಪರ್‌ಕಾರ್ಡಿಯಾಯ್ಡ್ ಬಗೆಯದು. 60ರಿಂದ 17,000 ಹರ್ಟ್ಸ್‌ವರೆಗೆ ಹಿಡಿಯುತ್ತದೆ. ಇವುಗಳ ಬೆಲೆ ಸಾಮಾನ್ಯ ವೇದಿಕೆಯ ಮೈಕಿನ ಬೆಲೆಯ ಹೆಚ್ಚುಕಡಿಮೆ ಎರಡು ಪಟ್ಟಾಗುವುದುಂಟು. ಆ ಹೆಚ್ಚಿನ ಹಣದ ಬಹುಭಾಗ ಎರಕ ಹೊಯ್ದ ಲೋಹದ ಆ ಸುಂದರ ಮೈಗೆ ಸಲ್ಲುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯದು ಈ ರೂಪವನ್ನು ಅನುಕರಿಸಿದ ಅಗ್ಗದ ಮೈಕು. ಇವುಗಳಲ್ಲಿ ಕೆಲವು ತಕ್ಕಮಟ್ಟಿಗೆ ಚೆನ್ನಾಗಿವೆ. ಇನ್ನು ಕೆಲವು ಹೊರಗೆ ಬೆಡಗು, ಒಳಗೆ ಆಟಿಕೆ. ಧ್ವನಿಯನ್ನು ನಾಲ್ಕೂ ದಿಕ್ಕಿನಿಂದ ಸಮನಾಗಿ ಹಿಡಿಯುವ ಸಾಧಾರಣ ಗ್ರಾಹಕವನ್ನು ಒಳಗಿಟ್ಟಿದ್ದರೂ ಹೊರಗಿನಿಂದ ಗೊತ್ತಾಗದು. ಹೆಸರಾಂತ ಸಂಸ್ಥೆಗಳ ಮುದ್ರೆಯನ್ನೇ ಒತ್ತಿದ ನಕಲಿ ಮೈಕುಗಳೂ ಇವೆ. ಆದುದರಿಂದ ಅಧಿಕೃತ ಮಾರಾಟಗಾರರಿಂದ, ರಸೀದಿಯೊಡನೆ ಕೊಳ್ಳುವುದು ಕ್ಷೇಮ.

ಚಿನ್ನದ ಹಬ್ಬದ ಆ ಮೈಕು ಈ ಮೂರನೆಯ ಬಗೆಯದಾಗಿತ್ತು. ಸಾಲದ್ದಕ್ಕೆ, ಧ್ವನಿಪೆಟ್ಟಿಗೆಗಳನ್ನು ಹಾಡುವವರ ಬೆನ್ನ ಹಿಂದೆ, ಹೂವಿನ ಅಲಂಕಾರದ ಎರಡೂ ಬದಿಯಲ್ಲಿ ಇಟ್ಟಿದ್ದರು. ಪೆಟ್ಟಿಗೆಯಿಂದ ಹೊರಟ ಧ್ವನಿ ಮತ್ತೆ ಮೈಕನ್ನು ಹೊಕ್ಕು, ಇನ್ನಷ್ಟು ದೊಡ್ಡದಾಗಿ ಹೊರಟು, ಮತ್ತೆ ಹೊಕ್ಕು ಸುತ್ತುತ್ತಿತ್ತು. ಫೀಡ್‌ಬ್ಯಾಕ್ ಎಂದು ಕರೆಯುವ ಊಳು ಇದೇ. ಅಜ್ಜನ ಕಂಠಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಸ್ಥಳವೂ ಹಾಡುತ್ತದೆ

ಮೈಕನ್ನು ಆರಿಸುವ ಮುನ್ನ, ಅದು ಎಲ್ಲಿ ನಿಲ್ಲಲಿದೆ ಎಂಬುದನ್ನು ಯೋಚಿಸುವುದು ಅಗತ್ಯ. ನಮ್ಮ ಜಿಲ್ಲೆಯಲ್ಲಿಯೇ ನಾಲ್ಕು ಬಗೆಯ ಸ್ಥಳಗಳನ್ನು ಕಾಣಬಹುದು.

ಉಡುಪಿ ಪಟ್ಟಣದ ಹಾಗೂ ಸುತ್ತಲಿನ ಇಗರ್ಜಿಗಳನ್ನು ನೋಡೋಣ. ಉದ್ದನೆಯ ಒಳಾಂಗಣ, ಎತ್ತರದ ಮಾಡು, ಗಾರೆಯ ಗೋಡೆ, ಕಲ್ಲಿನ ನೆಲ. ಹಾಡುವವರಿಂದ ಹಿಂದಿನ ಗೋಡೆ 30 ಮೀಟರ್ ದೂರವಿದ್ದರೆ, ಧ್ವನಿ ಹೋಗಿ ಮರಳುವ 60 ಮೀಟರ್ ಹಾದಿಗೆ ಸೆಕೆಂಡಿನ ಸುಮಾರು ಆರನೆಯ ಒಂದು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ಗಾಯಕ ಮುಂದಿನ ಅಕ್ಷರದಲ್ಲಿರುತ್ತಾನೆ, ಎರಡೂ ಕಲಸಿಹೋಗುತ್ತವೆ. ಇಂತಲ್ಲಿ ಎದುರಿನ ಧ್ವನಿಯನ್ನಷ್ಟೇ ಹಿಡಿಯುವ ಮೈಕೇ ಬೇಕು, ಅದಕ್ಕೆ ಹತ್ತಿರ ನಿಂತೇ ಹಾಡಬೇಕು. ಬಲಿಪೂಜೆಯ ಗಾಯನಕ್ಕೆ ಹೊಳೆಯುವ ಮೈಕು ಅವಶ್ಯವೆಂದೇನೂ ಇಲ್ಲ. ಅಲ್ಲಿ ಜನರ ಕಣ್ಣು ಪೀಠದ ಕಡೆಗಿರುವುದು ಲೇಸು. ಗಾಯನ ಮಂಡಳಿಗೆ ಸರಳವಾದ ಮೈಕೇ ಶೋಭೆ. ಹಳೆಯ ರೂಪದ ಮೈಕಿನ ಜಾಗ ಇಗರ್ಜಿಯ ಹೊರಗಿನ ವೇದಿಕೆ.

ಮಣಿಪಾಲದಂತಹ ವಿದ್ಯಾಕೇಂದ್ರದಲ್ಲಿ ಮೆತ್ತನೆಯ ಆಸನ, ಪರದೆ, ಹವಾನಿಯಂತ್ರಣವುಳ್ಳ ಸಭಾಂಗಣಗಳು ದೊರೆಯುತ್ತವೆ. ಇಲ್ಲಿ ಪ್ರತಿಧ್ವನಿ ಕಡಿಮೆ, ಗಾಳಿಯ ಕಾಟವಿಲ್ಲ, ಸಾಮಾನ್ಯವಾಗಿ ಒಳ್ಳೆಯ ಮಿಕ್ಸರ್ ಇರುತ್ತದೆ. ಹಳೆಯ ರೂಪದ ಒಳ್ಳೆಯ ಮೈಕಿಗೆ ಇದಕ್ಕಿಂತ ತಕ್ಕ ಮನೆಯಿಲ್ಲ. ಹಳೆಯ ರೂಪದ ಕೆಲವು ಮೈಕುಗಳು ಕಂಡೆನ್ಸರ್ ಬಗೆಯವು. ಅವುಗಳಿಗೆ ಮಿಕ್ಸರಿನಿಂದ 48 ವೋಲ್ಟಿನ 'ಫ್ಯಾಂಟಮ್' ವಿದ್ಯುತ್ತು ಬರಬೇಕು. ಊರಿನ ಸಣ್ಣ ಆಂಪ್ಲಿಫೈಯರಿಗೆ ಜೋಡಿಸಿದರೆ ಅವು ಮೂಕವಾಗಿಬಿಡುತ್ತವೆ. ಎಲ್ಲ ಕಡೆಗೂ ಕೊಂಡೊಯ್ಯುವ ಉದ್ದೇಶವಿದ್ದರೆ ವಿದ್ಯುತ್ತು ಬೇಡದ ಡೈನಾಮಿಕ್ ಬಗೆಯನ್ನೇ ಆರಿಸುವುದು ಜಾಣತನ.

ಕಾಪುವಿನ ಕಡಲತೀರ, ಅದರ ಸಮೀಪದ ತೆರೆದ ಮೈದಾನಗಳ ಸಮಸ್ಯೆಯೇ ಬೇರೆ. ಸಂಜೆಯ ಕಡಲಗಾಳಿ ಮೈಕಿನ ಜಾಲರಿಯೊಳಗೆ ನುಗ್ಗಿದರೆ ಧ್ವನಿಪೆಟ್ಟಿಗೆಯಲ್ಲಿ ಗುಡುಗಿನಂತಹ ಗುಡುಗುಡು ಸದ್ದಾಗುತ್ತದೆ. ಸಾಮಾನ್ಯ ಮೈಕಿಗೆ ಸ್ಪಂಜಿನ ಟೊಪ್ಪಿಗೆ ಹಾಕಿ ಇದನ್ನು ತಡೆಯಬಹುದು. ಹಳೆಯ ರೂಪದ ಮೈಕಿಗೆ ಟೊಪ್ಪಿಗೆ ಹಾಕಿದರೆ ಅದರ ರೂಪವೇ ಮುಚ್ಚಿಹೋಗುತ್ತದೆ. ಕೊಂಡ ಉದ್ದೇಶವೇ ವ್ಯರ್ಥ. ಗಾಳಿಗೆ ಬೆನ್ನು ಕೊಟ್ಟು ವೇದಿಕೆ ಕಟ್ಟುವುದು, ಹಿಂದೆ ದಪ್ಪ ಪರದೆ ಇಳಿಬಿಡುವುದು ಒಂದು ದಾರಿ. ಅದೂ ಆಗದಿದ್ದರೆ ಹಳೆಯ ಮೈಕಿನ ಆಸೆಯನ್ನು ಆ ದಿನದ ಮಟ್ಟಿಗೆ ಬಿಡಬೇಕು.

ಇನ್ನು ಜನಜಂಗುಳಿ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರದ ವಾರ್ಷಿಕ ಹಬ್ಬವನ್ನು, ಅಂದರೆ ನಮ್ಮವರ ಮಾತಿನ ಸಾಂತ್‌ಮಾರಿಯನ್ನು, ಕಂಡವರಿಗೆ ಇದರ ಅರಿವಿದೆ. 1759ರಷ್ಟು ಹಳೆಯ ಈ ಧರ್ಮಕೇಂದ್ರ 2016ರಲ್ಲಿ ಬಸಿಲಿಕಾ ಪದವಿ ಪಡೆಯಿತು. ಜನವರಿಯ ಕೊನೆಯ ದಿನಗಳ ಈ ಹಬ್ಬಕ್ಕೆ ಜಾತಿ ಮತಗಳ ಭೇದವಿಲ್ಲದೆ ಜನ ಹರಿದುಬರುತ್ತಾರೆ. ಇಂತಹ ಸಂದಣಿಯ ನಡುವೆ ಮಾತಿನ ಒಂದೊಂದು ಅಕ್ಷರವೂ ತಿಳಿಯಬೇಕು, ಮೈಕು ಕೈಯಿಂದ ಕೈಗೆ ದಾಟಬೇಕು. ಅಂತಲ್ಲಿ ಬೆಡಗಿಗೆ ಜಾಗವಿಲ್ಲ. ಗಟ್ಟಿಯಾದ, ಸರಳವಾದ ಮೈಕೇ ಸರಿ.

ಯಾರ ಕಂಠ, ಯಾವ ಹಾಡು?

ಒಂದು ದಿಕ್ಕಿನ ಧ್ವನಿ ಹಿಡಿಯುವ ಮೈಕುಗಳಿಗೆ ಒಂದು ವಿಶೇಷ ಗುಣವಿದೆ. ಬಾಯಿ ಹತ್ತಿರವಾದಷ್ಟೂ ದನಿಯ ಕೆಳಗಿನ ಸ್ವರಗಳು ದಪ್ಪವಾಗುತ್ತವೆ. ತೆಳುವಾದ ಕಂಠಕ್ಕೆ ಇದು ಮೈದುಂಬಿಸುತ್ತದೆ. ಆದರೆ ಮೊದಲೇ ದಪ್ಪವಾಗಿರುವ ಗಂಡಸಿನ ದನಿ, ವಯಸ್ಸಿನಿಂದ ಗದ್ಗದವಾದ ದನಿ ಇದರಿಂದ ಮಸುಕಾಗಿ, ಮಾತು ಅಸ್ಪಷ್ಟವಾಗುವ ಸಂಭವವಿದೆ. ಅವರಿಗೆ ಮೇಲಿನ ಸ್ವರಗಳನ್ನು ನಿಚ್ಚಳವಾಗಿ ತೋರಿಸುವ ಮೈಕು ಬೇಕು. ಹೆಂಗಸರ ಎತ್ತರದ ಕಂಠವು ಕೆಲವು ಅಗ್ಗದ ಮೈಕುಗಳಲ್ಲಿ ಚುಚ್ಚುವಂತೆ ಕೇಳಿಸುವುದೂ ಉಂಟು.

ಕೊಂಕಣ್ ಕೋಗುಳ್ ಎಂದು ಜನ ಪ್ರೀತಿಯಿಂದ ಕರೆದ ವಿಲ್ಫಿ ರೆಬಿಂಬಸರು (1942–2010) ಸಂಗೀತ ರಾತ್ರಿಗಳನ್ನು ನಮ್ಮ ಸಮುದಾಯದ ಉತ್ಸವವನ್ನಾಗಿ ಮಾಡಿದವರು. ಆ ಬಗೆಯ ಹಾಡುಗಳಲ್ಲಿ ಪದಗಳೇ ಪ್ರಾಣ. ಪದ ಕೇಳಿಸದಿದ್ದರೆ ರಾಗ ಎಷ್ಟೇ ಇಂಪಾಗಿದ್ದರೂ ಹಾಡು ಅರ್ಧ ಸತ್ತಂತೆ. ಆದುದರಿಂದ ಮೈಕಿನ ಮೊದಲ ಪರೀಕ್ಷೆ ಪದ ತಿಳಿಯುತ್ತದೆಯೇ ಎಂಬುದು. ಇಂಪಿನ ಮಾತು ಆಮೇಲೆ.

ರೋಸಿನ ಮನೆಯಲ್ಲಿ ಹಿರಿಯ ಹೆಂಗಸರು ಕೂಡಿ ಹೇಳುವ ವೊವಿಯೊ ಹಾಡುಗಳಿಗೆ ಹಳೆಯ ರೂಪದ ಒಂದೇ ಮೈಕನ್ನು ನಡುವೆ ನಿಲ್ಲಿಸುವುದು ಸಲ್ಲದು. ಎದುರಿಗಿದ್ದ ಒಬ್ಬರ ದನಿ ಮಾತ್ರ ಕೇಳಿ, ಬದಿಯಲ್ಲಿದ್ದವರು ಮರೆಯಾಗುತ್ತಾರೆ. ಚಪ್ಪರ ಚಿಕ್ಕದಾಗಿದ್ದರೆ ಮೈಕೇ ಬೇಡ. ವೊವಿಯೊ ಹುಟ್ಟಿದ್ದು ಮೈಕಿಲ್ಲದ ಕಾಲದಲ್ಲಿ. ಗುಮಟೆ ಬಾರಿಸುವವರು ಗಾಯಕನ ಪಕ್ಕದಲ್ಲಿಯೇ ಕುಳಿತರೆ ಅದರ ಸದ್ದು ಹಾಡಿನ ಮೈಕನ್ನು ಹೊಗುತ್ತದೆ. ಅವರನ್ನು ಮೈಕಿನ ಬೆನ್ನಿನ ಕಡೆಗೆ ಕೂರಿಸಬೇಕು. ಟೋಸ್ಟ್ ಹೇಳುವವರು, ಕಾರ್ಯಕ್ರಮ ನಿರೂಪಕರು ಅತ್ತಿತ್ತ ಓಡಾಡುವವರು. ಅವರಿಗೆ ತಂತಿಯಿಲ್ಲದ ಕೈಮೈಕೇ ಅನುಕೂಲ.

ಏಕೆಂದರೆ ಹಳೆಯ ರೂಪದ ಮೈಕು ನಿಲುಗಂಬದ ಮೈಕು. ಎಸ್‌ಎಂ 58ರ ತೂಕ ಸುಮಾರು 300 ಗ್ರಾಂ. 55ರ ಮಾದರಿಯದು ಅದರ ಎರಡು ಪಟ್ಟು. ಹಿಡಿಯಲು ಅದಕ್ಕೆ ಹಿಡಿಯೇ ಇಲ್ಲ. ಕೈಯಿಂದ ಜಾಲರಿಯನ್ನು ಸುತ್ತಿ ಹಿಡಿದರೆ ಹಿಂದಿನ ಗಾಳಿಯ ದಾರಿಗಳು ಮುಚ್ಚಿ, ಬಾಯರ್ ಮಾಡಿದ ಉಪಾಯವೆಲ್ಲ ಕೆಟ್ಟು, ಮೈಕು ಊಳಿಡತೊಡಗುತ್ತದೆ. ಅದನ್ನು ಹೊರಲು ಬುಡ ಭಾರವಾದ ಗಟ್ಟಿ ನಿಲುಗಂಬ ಬೇಕು. ಕಂಬದ ತಿರುಪು ಎರಡು ಅಳತೆಗಳಲ್ಲಿ ಬರುತ್ತದೆ. ಹೊಂದದಿದ್ದರೆ ಚಿಕ್ಕದೊಂದು ಹಿತ್ತಾಳೆಯ ಜೋಡಣೆ ಸಾಕು, ಆದರೆ ಅದು ಕಾರ್ಯಕ್ರಮದ ಹಿಂದಿನ ದಿನವೇ ಕೈಯಲ್ಲಿರಬೇಕು. ಸ್ವಿಚ್ಚು ಇರುವ ಮಾದರಿಯೂ ಇದೆ, ಇಲ್ಲದ ಮಾದರಿಯೂ ಇದೆ. ಹಾಡಲು ನಿಂತ ಮೇಲೆ ಸ್ವಿಚ್ಚು ಹುಡುಕುವ ಹಿರಿಯರ ಪಾಡನ್ನು ನೋಡಿದವರು ಇಲ್ಲದ ಮಾದರಿಯನ್ನೇ ಮೆಚ್ಚಿಯಾರು.

ಧ್ವನಿಪೆಟ್ಟಿಗೆ ಎಲ್ಲಿರಬೇಕು?

ಜನರಿಗೆ ಕೇಳಿಸುವ ಪೆಟ್ಟಿಗೆಗಳು ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆಗೆ ಇರತಕ್ಕದ್ದು. ಗಾಯಕನಿಗೆ ತನ್ನ ದನಿ ಕೇಳಿಸುವ ಮಾನಿಟರ್ ಪೆಟ್ಟಿಗೆಯ ವಿಷಯದಲ್ಲಿ ಎರಡು ಮಾದರಿಗಳಿಗೂ ವ್ಯತ್ಯಾಸವಿದೆ. ಕಾರ್ಡಿಯಾಯ್ಡ್ ಮೈಕು ನೇರ ಹಿಂದಿನ ಸದ್ದಿಗೆ ಅತ್ಯಂತ ಕಿವುಡು. ಮಾನಿಟರನ್ನು ಅದರ ನೇರ ಬೆನ್ನಿಗೆ, ಗಾಯಕನ ಕಡೆಗೆ ಮುಖಮಾಡಿ ಇಡಬೇಕು. ಸೂಪರ್‌ಕಾರ್ಡಿಯಾಯ್ಡ್ ಮೈಕಿಗೆ ನೇರ ಹಿಂದಿನದು ಸ್ವಲ್ಪ ಕೇಳಿಸುತ್ತದೆ. ಅದರ ಕಿವುಡು ಜಾಗ ಹಿಂಬದಿಯ ಎರಡು ಮೂಲೆಗಳಲ್ಲಿದೆ, ಮುಂಭಾಗದಿಂದ ಅಳೆದರೆ ಸುಮಾರು 125 ಡಿಗ್ರಿ ಕೋನದಲ್ಲಿ. ಇದನ್ನು ತಿಳಿಯದೆ ಒಂದರ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸಿ, ಮೈಕು ಕೆಟ್ಟದ್ದೆಂದು ದೂರುವವರಿದ್ದಾರೆ.

ಇನ್ನೆರಡು ಲೆಕ್ಕಗಳು ಎಲ್ಲ ಗಾಯನ ಮಂಡಳಿಗಳೂ ನೆನಪಿಡತಕ್ಕವು. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧಕ್ಕೆ ಇಳಿಸಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಯಂತ್ರದ ಗುಂಡಿ ಮುಟ್ಟದೆಯೇ ಬರುವ ಲಾಭ ಇದು. ಹಾಗೆಯೇ ವೇದಿಕೆಯಲ್ಲಿ ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ, ಊಳಿಡದಂತೆ ಏರಿಸಬಹುದಾದ ಧ್ವನಿ ಸುಮಾರು 3 ಡೆಸಿಬೆಲ್ ಇಳಿಯುತ್ತದೆ. ಬಳಸದ ಮೈಕನ್ನು ಮುಚ್ಚಿಡಿ ಎಂದು ಮೈಕಿನವರು ಗೊಣಗುವುದು ಸುಮ್ಮನಲ್ಲ.

ಕೆಟ್ಟ ಮೈಕಿನ ಕೊರತೆಯನ್ನು ಅಬ್ಬರದಿಂದ ತುಂಬಿಸುವ ದಾರಿಯೂ ಈಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ತೆರೆದ ಸ್ಥಳದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ವಿಶೇಷ ಅನುಮತಿಯಿಲ್ಲದೆ, ಧ್ವನಿವರ್ಧಕ ಸಲ್ಲದು. ನೆರೆಮನೆಯಲ್ಲಿ ರೋಗಿ ಇರಬಹುದು, ಪರೀಕ್ಷೆಗೆ ಓದುವ ಮಗು ಇರಬಹುದು. ಕಡಿಮೆ ಧ್ವನಿಯಲ್ಲಿ ಸ್ಪಷ್ಟವಾಗಿ ಕೇಳಿಸುವ ಮೈಕು ನೆರೆಯವರಿಗೆ ತೋರುವ ಸೌಜನ್ಯವೂ ಹೌದು.

ಕಣ್ಣು ಮುಚ್ಚಿ ಆರಿಸಿರಿ

ಚಿನ್ನದ ಹಬ್ಬದ ಆ ಮೊಮ್ಮಗ ನೊಂದುಕೊಂಡು ಸುಮ್ಮನೆ ಕೂರಲಿಲ್ಲ. ಕೆಲವು ವಾರಗಳ ಬಳಿಕ ಒಂದು ಮಧ್ಯಾಹ್ನ ಧರ್ಮಕೇಂದ್ರದ ಸಭಾಂಗಣವನ್ನು ಕೇಳಿ ಪಡೆದು, ಪರಿಚಿತ ಮೈಕಿನವರನ್ನು ಕರೆಸಿದ. ಮೂರು ಮೈಕುಗಳನ್ನು ಸಾಲಾಗಿ ನಿಲ್ಲಿಸಿದ: ಹಬ್ಬದಲ್ಲಿ ಊಳಿಟ್ಟ ಅಗ್ಗದ ಮೈಕು, ಗೆಳೆಯನಿಂದ ಎರವಲು ತಂದ ಒಳ್ಳೆಯ ಸಂಸ್ಥೆಯ ಹಳೆಯ ರೂಪದ ಮೈಕು, ಸಭಾಂಗಣದ್ದೇ ಆದ ಸಾಧಾರಣ ಕೈಮೈಕು. ಧ್ವನಿಪೆಟ್ಟಿಗೆಗಳನ್ನು ಮುಂದಕ್ಕೆ ತಂದರು. ಮೂರು ಮೈಕುಗಳ ಧ್ವನಿಯನ್ನೂ ಒಂದೇ ಮಟ್ಟಕ್ಕೆ ತಂದರು. ಹಾಗೆ ಮಾಡದಿದ್ದರೆ ಹೆಚ್ಚು ಗಟ್ಟಿಯಾಗಿ ಕೇಳಿದ್ದೇ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆ. ಅಜ್ಜಿಯನ್ನು ಕೊನೆಯ ಸಾಲಿನಲ್ಲಿ, ವೇದಿಕೆಗೆ ಬೆನ್ನುಮಾಡಿ ಕೂರಿಸಿದರು.

ಅಜ್ಜನನ್ನು ಒಪ್ಪಿಸಲು ಬಹಳ ಹೊತ್ತು ಬೇಕಾಯಿತಂತೆ. ಒಂದೇ ಚರಣವನ್ನು ಮೂರು ಮೈಕುಗಳ ಮುಂದೆಯೂ ಹಾಡಿದರು. ಅಜ್ಜಿ ಮೂರನೆಯದಕ್ಕೆ ಕೈ ಎತ್ತಿದರು. "ಇದರಲ್ಲಿ ಇವರ ಮಾತು ತಿಳಿಯುತ್ತದೆ" ಎಂದರು. ಮೂರನೆಯದು ಆ ಸಾಧಾರಣ ಕೈಮೈಕು. ಬಳಿಕ ಮೊಮ್ಮಗಳು ಹಾಡಿದಳು. ಅವಳ ತೆಳುವಾದ ಎತ್ತರದ ಕಂಠಕ್ಕೆ ಅಜ್ಜಿ ಕೈ ಎತ್ತಿದ್ದು ಎರಡನೆಯದಕ್ಕೆ, ಗೆಳೆಯನ ಹಳೆಯ ರೂಪದ ಮೈಕಿಗೆ. ಒಂದೇ ಮನೆಯ ಎರಡು ಕಂಠ, ಎರಡು ಮೈಕು. ಅಗ್ಗದ ಮೈಕಿಗೆ ಯಾರೂ ಕೈ ಎತ್ತಲಿಲ್ಲ.

ಮೈಕು ಕೊಳ್ಳುವ ಮಂಡಳಿಯವರಿಗೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾವು ಸೂಚಿಸಲಾರೆವು. ನಿಮ್ಮ ಗಾಯಕನೇ ಹಾಡಲಿ, ನಿಮ್ಮ ಸಭಾಂಗಣದಲ್ಲಿಯೇ, ನಿಮ್ಮ ಯಂತ್ರದೊಡನೆಯೇ ಹಾಡಲಿ. ಕೇಳುವವರು ಹಿಂದೆ ಕುಳಿತು ಮೈಕನ್ನು ನೋಡದೆ ಕೇಳಲಿ. 'ಪಾಪ', 'ಪಾದ', 'ಭಾರ', 'ಫಲ' ಎಂಬಂತಹ ಪದಗಳನ್ನು ಹೇಳಿಸಿ, ಉಸಿರು ಬಡಿದು ಸದ್ದಾಗುತ್ತದೆಯೇ ನೋಡಿರಿ. ಗಾಯಕ ಒಂದು ಗೇಣು ಬದಿಗೆ ಸರಿದಾಗ ದನಿ ಎಷ್ಟು ಕುಗ್ಗುತ್ತದೆಂದು ಗಮನಿಸಿರಿ. ಕೊನೆಗೆ ಧ್ವನಿಯನ್ನು ನಿಧಾನವಾಗಿ ಏರಿಸುತ್ತ ಹೋಗಿ, ಊಳು ಎಲ್ಲಿ ಮೊದಲಾಗುತ್ತದೆಂದು ಗುರುತಿಡಿರಿ. ಅಂಗಡಿಯವರು ಒಂದು ದಿನದ ಮಟ್ಟಿಗೆ ಕೊಡಲೊಪ್ಪದಿದ್ದರೆ ಬಾಡಿಗೆಗೆ ತಂದು ನೋಡಬಹುದು.

ಕೊಂಡ ಮೇಲೆ ಆರೈಕೆಯೂ ಬೇಕು. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ ಲೋಹದ ಹೊಳಪನ್ನು ತಿನ್ನುತ್ತವೆ. ಹಾಡು ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಡಬೇಕು. ಜಾಲರಿಯ ಮೇಲೆ ನೀರನ್ನಾಗಲಿ ಸುಗಂಧದ್ರವ್ಯವನ್ನಾಗಲಿ ಸಿಂಪಡಿಸಕೂಡದು. ಮೈಕು ಸರಿಯಿದೆಯೇ ಎಂದು ಬೆರಳಿನಿಂದ ಬಡಿಯುವ, ಉಫ್ ಎಂದು ಊದುವ ನಮ್ಮೂರಿನ ಹಳೆಯ ಅಭ್ಯಾಸವನ್ನು ಬಿಡಬೇಕು. ಒಂದು ಮಾತು ಆಡಿದರೆ ಸಾಕು, ಗೊತ್ತಾಗುತ್ತದೆ.

ಆ ಮನೆಯ ಕ್ರಿಸ್ಮಸ್ ಕೂಟಕ್ಕೆ ನಮ್ಮನ್ನೂ ಕರೆದಿದ್ದರು. ಅಂಗಳದ ಚಿಕ್ಕ ವೇದಿಕೆಯ ಮೇಲೆ, ಗೋದಲಿಯ ಪಕ್ಕದಲ್ಲಿ, ಮೊಮ್ಮಗಳು ಹಳೆಯ ರೂಪದ ಮೈಕಿನ ಮುಂದೆ ನಿಂತು ಹಾಡಿದಳು. ಎಲ್ಲರೂ ಫೋಟೊ ತೆಗೆದರು. ಅನಂತರ ಅಜ್ಜ ಬಂದು ಸಾಧಾರಣ ಕೈಮೈಕನ್ನು ತೆಗೆದುಕೊಂಡು, ಅಂದು ಅರ್ಧಕ್ಕೆ ನಿಂತಿದ್ದ ಹಾಡನ್ನು ಮೊದಲಿನಿಂದ ಆರಂಭಿಸಿದರು. ಫೋಟೊ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ. ಕೊನೆಯ ಚರಣದವರೆಗೂ ಪ್ರತಿ ಪದವೂ ಹಿಂದಿನ ಸಾಲಿನಲ್ಲಿದ್ದ ನಮಗೆ ಕೇಳಿಸಿತು.